ಗಾಳಿಯಲ್ಲಿರುವ ವಿದ್ಯುತ್ತು: ಸುಗ್ಗಿಯಲ್ಲ, ಹಕ್ಕಲು

ಕನ್ನಡ ನಾಡಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಪೈರು ಕಣಕ್ಕೆ ಸಾಗಿದ ಮೇಲೆ ಹೊಲದಲ್ಲಿ ಉದುರಿ ಉಳಿದ ತೆನೆಗಳನ್ನು ಆರಿಸಿಕೊಳ್ಳುವ ವಾಡಿಕೆಯೊಂದುಂಟು. ಅದಕ್ಕೆ ಹಕ್ಕಲು ಆಯುವುದೆಂದು ಹೆಸರು. ಹಕ್ಕಲಿನಿಂದ ಯಾರ ಕಣಜವೂ ತುಂಬಿದ್ದಿಲ್ಲ. ಆದರೆ ಬಡವಿಯೊಬ್ಬಳ ಮಡಿಲು ತುಂಬಿದೆ, ಒಂದು ಹೊತ್ತಿನ ಗಂಜಿಗೆ ದಾರಿಯಾಗಿದೆ. ಹಕ್ಕಲನ್ನು ಕೀಳೆಂದು ಬಗೆದವನು ಅನ್ನವನ್ನು ಕಳೆದುಕೊಳ್ಳುತ್ತಾನೆ. ಹಕ್ಕಲನ್ನೇ ಸುಗ್ಗಿಯೆಂದು ನಂಬಿದವನು ಮೋಸ ಹೋಗುತ್ತಾನೆ.

ಹೊಲ ಮನೆಗಳನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಹಳೆಯ ಮಾತನ್ನು ನೆನಪಿಸುವುದಕ್ಕೆ ಕಾರಣವಿದೆ. ಮಹಾನಗರದ ಗಾಳಿಯಲ್ಲಿ ಇಂದು ಕಣ್ಣಿಗೆ ಕಾಣದ ಮತ್ತೊಂದು ಬೆಳೆ ತೂಗುತ್ತಿದೆ. ಆಕಾಶವಾಣಿ, ದೂರದರ್ಶನ, ಮೊಬೈಲ್ ಗೋಪುರ, ಮನೆಮನೆಯ ವೈಫೈ ಪೆಟ್ಟಿಗೆ ಇವೆಲ್ಲ ಹಗಲಿರುಳೆನ್ನದೆ ರೇಡಿಯೋ ಅಲೆಗಳನ್ನು ಸೂಸುತ್ತಿವೆ. ಅಲೆಯೆಂದ ಮೇಲೆ ಅದರಲ್ಲಿ ಶಕ್ತಿ ಇರಲೇಬೇಕು. ಆ ಶಕ್ತಿಯನ್ನು ಹಿಡಿದು ಕೈಯಲ್ಲಿರುವ ಮೊಬೈಲಿಗೂ ಗಡಿಯಾರಕ್ಕೂ ಕಿವಿಯ ಯಂತ್ರಕ್ಕೂ ತುಂಬಬಹುದಲ್ಲವೆ ಎಂಬ ಆಸೆ ಒಂದು ಕಡೆ. ಅದೇ ಅಲೆಗಳು ದೇಹವನ್ನು ಸುಡುತ್ತಿವೆಯೆಂಬ ಅಂಜಿಕೆ ಇನ್ನೊಂದು ಕಡೆ. ಆಸೆ ಅಂಜಿಕೆಗಳೆರಡೂ ಲೆಕ್ಕ ಹಾಕದೆ ಹುಟ್ಟಿದ ಅವಳಿ ಮಕ್ಕಳು. ಲೆಕ್ಕ ಹಾಕಿದವರಿಗೆ ಇವೆರಡಕ್ಕಿಂತ ಬೆಲೆಬಾಳುವ ಮೂರನೆಯ ದಾರಿಯೊಂದು ಕಾಣುತ್ತದೆ.

ತಂತಿ ಗೆದ್ದ ಕಥೆ

ತಂತಿಯಿಲ್ಲದೆ ವಿದ್ಯುತ್ತನ್ನು ಕಳಿಸುವ ಹಂಬಲ ಹೊಸದಲ್ಲ. ನಿಕೋಲ ಟೆಸ್ಲ ಎಂಬ ಮಹಾ ಪ್ರತಿಭಾವಂತನು 1901ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ದೊಡ್ಡ ಗೋಪುರವೊಂದನ್ನು ಕಟ್ಟಿಸತೊಡಗಿದನು. ಅದರಿಂದ ಜಗತ್ತಿಗೆಲ್ಲ ಸುದ್ದಿಯನ್ನೂ ಶಕ್ತಿಯನ್ನೂ ಕಳಿಸಬಹುದೆಂಬುದು ಅವನ ಕನಸು. ಬಂಡವಾಳ ಹೂಡಿದ್ದ ಧನಿಕ ಮಾರ್ಗನ್ ಹೆಚ್ಚಿನ ಹಣ ಕೊಡಲೊಪ್ಪಲಿಲ್ಲ, ಕೆಲಸ ನಿಂತುಹೋಯಿತು, 1917ರಲ್ಲಿ ಗೋಪುರವನ್ನು ಕೆಡವಲಾಯಿತು.

ಅದೇ ಕಾಲದಲ್ಲಿ, 1902ರಲ್ಲಿ, ಮೈಸೂರು ಸಂಸ್ಥಾನವು ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ವಿದ್ಯುತ್ತನ್ನು ಉತ್ಪಾದಿಸಿ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿತು. ಅಂದಿನ ಜಗತ್ತಿನ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಗಗನಕ್ಕೇರಿದ ಕನಸು ಅಲ್ಲಿ ಬಿದ್ದಿತು. ನೆಲದ ಮೇಲೆ ಕಂಬ ನೆಟ್ಟ ವಿವೇಕ ಇಲ್ಲಿ ಗೆದ್ದಿತು. ಟೆಸ್ಲನ ಬುದ್ಧಿಶಕ್ತಿಯಲ್ಲಿ ಕೊರತೆಯಿತ್ತೆಂದು ಇದರ ಅರ್ಥವಲ್ಲ. ತಂತಿಯು ಶಕ್ತಿಯನ್ನು ಕೈಹಿಡಿದು ಕರೆದೊಯ್ಯುತ್ತದೆ, ಗಾಳಿಯಲ್ಲಿ ಬಿಟ್ಟ ಶಕ್ತಿಯಾದರೋ ಹತ್ತು ದಿಕ್ಕಿಗೆ ಚೆಲ್ಲಿಹೋಗುತ್ತದೆ ಎಂಬ ಪ್ರಕೃತಿನಿಯಮ ಅವನ ಕನಸಿಗೆ ಅಡ್ಡಬಂದಿತು.

ಆದರೆ ಚೆಲ್ಲಿಹೋದ ಶಕ್ತಿಯೂ ಸಂಪೂರ್ಣ ವ್ಯರ್ಥವಲ್ಲ. ಆಚಾರ್ಯ ಜಗದೀಶಚಂದ್ರ ಬೋಸರು ಗೆಲೀನಾ ಎಂಬ ಸೀಸದ ಅದಿರಿನ ಹರಳು ರೇಡಿಯೋ ಅಲೆಗಳನ್ನು ಗುರುತಿಸಬಲ್ಲುದೆಂದು ತೋರಿಸಿ, ಅದಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಮುಂದೆ ಬಂದ ಹರಳು ರೇಡಿಯೋಗಳಿಗೆ ಬ್ಯಾಟರಿಯೇ ಬೇಕಿರಲಿಲ್ಲ. ಬಾನುಲಿ ಕೇಂದ್ರದಿಂದ ಬಂದ ಅಲೆಯ ಶಕ್ತಿಯೇ ಕಿವಿಗಿಟ್ಟ ಧ್ವನಿವಾಹಕವನ್ನು ನಡುಗಿಸಿ ಹಾಡು ಕೇಳಿಸುತ್ತಿತ್ತು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಲೋಕದ ಅನೇಕ ಕಡೆ ಇಂತಹ ಹರಳು ಪೆಟ್ಟಿಗೆಗಳು ಬಳಕೆಯಲ್ಲಿದ್ದವು. ಇಂದು ದೊಡ್ಡ ಪ್ರಯೋಗಾಲಯಗಳಲ್ಲಿ ನಡೆದಿರುವ ಕೆಲಸದ ಬೀಜ ಅಲ್ಲಿಯೇ ಇದೆ: ಒಂದು ಆಂಟೆನಾ, ಅಲೆಯನ್ನು ನೇರ ವಿದ್ಯುತ್ತಾಗಿ ಪರಿವರ್ತಿಸುವ ಒಂದು ಹರಳು, ಅದನ್ನು ಕೂಡಿಡುವ ಒಂದು ಪುಟ್ಟ ಪಾತ್ರೆ.

ಮೂರು ಬಗೆ

ತಂತಿರಹಿತ ವಿದ್ಯುತ್ತೆಂಬ ಒಂದೇ ಹೆಸರಿನಡಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಇವುಗಳನ್ನು ಬೆರೆಸಿ ಮಾತನಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಮೊದಲನೆಯದು, ಸುರುಳಿಗೆ ಸುರುಳಿಯನ್ನು ತಾಗಿಸಿ ಕಾಂತಕ್ಷೇತ್ರದ ಮೂಲಕ ಶಕ್ತಿ ದಾಟಿಸುವುದು. ಮೇಜಿನ ಮೇಲಿನ ಬಿಲ್ಲೆಯ ಮೇಲಿಟ್ಟರೆ ಮೊಬೈಲ್ ತುಂಬಿಕೊಳ್ಳುವುದು ಹೀಗೆ. ಅಂತರ ಕೆಲವೇ ಮಿಲಿಮೀಟರ್. 2007ರಲ್ಲಿ ಅಮೆರಿಕದ ಎಂ.ಐ.ಟಿ.ಯ ವಿಜ್ಞಾನಿಗಳು ಇದೇ ತತ್ತ್ವವನ್ನು ಹಿಗ್ಗಿಸಿ ಎರಡು ಮೀಟರ್ ದೂರದ 60 ವಾಟಿನ ದೀಪವನ್ನು ಬೆಳಗಿಸಿದರು. ಕಳಿಸಿದ ಶಕ್ತಿಯಲ್ಲಿ ಸುಮಾರು ಶೇಕಡಾ 40ರಷ್ಟು ಮಾತ್ರ ಅದನ್ನು ತಲುಪಿತು. ಎರಡನೆಯದು, ಅಲೆಗಳನ್ನು ಕಿರಣದಂತೆ ಒಂದೇ ದಿಕ್ಕಿಗೆ ಬಿಡುವುದು. ವಿಲಿಯಂ ಬ್ರೌನ್ ಎಂಬ ಇಂಜಿನಿಯರನು 1964ರಲ್ಲಿ ಪುಟ್ಟ ಹೆಲಿಕಾಪ್ಟರೊಂದನ್ನು ಮೈಕ್ರೋವೇವ್ ಕಿರಣದ ಬಲದಿಂದಲೇ ಹಾರಿಸಿ ತೋರಿಸಿದನು. 1975ರಲ್ಲಿ ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನಿನಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ದೂರಕ್ಕೆ 30 ಕಿಲೋವಾಟಿಗೂ ಹೆಚ್ಚಿನ ಶಕ್ತಿಯನ್ನು ಮುಟ್ಟಿಸಲಾಯಿತು. ಅದಕ್ಕೆ ಬೃಹತ್ ಆಂಟೆನಾಗಳು ಬೇಕು. ಕಿರಣದ ದಾರಿಯಲ್ಲಿ ಮನುಷ್ಯ ಸುಳಿಯಬಾರದು. ಮೂರನೆಯದೇ ಹಕ್ಕಲು. ಬೇರೆ ಕೆಲಸಕ್ಕಾಗಿ ಯಾರೋ ಬಿಟ್ಟ ಅಲೆಗಳಲ್ಲಿ ಉಳಿದುದನ್ನು ಆಯ್ದುಕೊಳ್ಳುವುದು.

ಜಾಹೀರಾತುಗಳು ಮೂರನೆಯದರ ಸುಲಭತೆಯನ್ನೂ ಎರಡನೆಯದರ ದೂರವನ್ನೂ ಮೊದಲನೆಯದರ ಬಲವನ್ನೂ ಒಂದೇ ಡಬ್ಬಿಯಲ್ಲಿ ತುಂಬಿ ಮಾರಲು ಹವಣಿಸುತ್ತವೆ. 2010ರಲ್ಲಿ ಅಮೆರಿಕದ ಲಾಸ್ ವೇಗಾಸ್‌ನ ಪ್ರಸಿದ್ಧ ಪ್ರದರ್ಶನವೊಂದರಲ್ಲಿ ವೈಫೈ ಅಲೆಗಳಿಂದಲೇ ಮೊಬೈಲ್ ತುಂಬುವ ಪುಟ್ಟ ಸಾಧನವನ್ನು ಮೆರೆಸಲಾಯಿತು. ಪತ್ರಿಕೆಗಳು ಕೊಂಡಾಡಿದವು. ಆದರೆ ಅದು ಪೇಟೆಗೆ ಬಂದು ಜನರ ಕೈ ಸೇರಲಿಲ್ಲ. ಸೇರುವುದು ಸಾಧ್ಯವೂ ಇರಲಿಲ್ಲ. ಏಕೆಂಬುದನ್ನು ಶಾಲೆಯ ಗಣಿತವೇ ಹೇಳುತ್ತದೆ.

ಒಂದು ಲೆಕ್ಕ

ಲಂಡನ್ ನಗರದ ಭೂಗತ ರೈಲು ನಿಲ್ದಾಣಗಳ ಹೊರಗೆ ಗಾಳಿಯಲ್ಲಿರುವ ರೇಡಿಯೋ ಶಕ್ತಿಯನ್ನು ಅಳೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದ ಮೊಬೈಲ್ ಅಲೆಗಳ ಸರಾಸರಿ ಶಕ್ತಿ ಒಂದು ಚದರ ಸೆಂಟಿಮೀಟರಿಗೆ 84 ನ್ಯಾನೋವಾಟ್. ಒಂದು ವಾಟನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ನ್ಯಾನೋವಾಟ್ ಎಂದು ಹೆಸರು. ಅಂಗೈಯಗಲದ, ಅಂದರೆ 100 ಚದರ ಸೆಂಟಿಮೀಟರಿನ ಆಂಟೆನಾ ಹಿಡಿದರೆ ದೊರೆಯುವುದು 8,400 ನ್ಯಾನೋವಾಟ್. ಇಂದಿನ ಸಾಮಾನ್ಯ ಮೊಬೈಲಿನ ಬ್ಯಾಟರಿ ಹಿಡಿಯುವುದು ಸುಮಾರು 15 ವಾಟ್-ಗಂಟೆ. ಎಳ್ಳಷ್ಟೂ ನಷ್ಟವಾಗದೆಂದು ಭಾವಿಸಿ ಭಾಗಿಸಿ ನೋಡಿದರೆ, ಒಂದು ಸಲ ಮೊಬೈಲ್ ತುಂಬಲು 200 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಟಿಪ್ಪು ಸುಲ್ತಾನನ ಮರಣಾನಂತರದ ವರ್ಷಗಳಲ್ಲಿ ಇಟ್ಟಿದ್ದರೆ ಮೊಮ್ಮಕ್ಕಳ ಮೊಮ್ಮಕ್ಕಳು ಈಚೆಗೆ ತೆಗೆದುಕೊಳ್ಳಬಹುದಿತ್ತು!

ತಂತ್ರಜ್ಞಾನ ಬೆಳೆದಂತೆ ಇದು ಸುಧಾರಿಸುವುದಿಲ್ಲವೆ ಎಂದು ಕೇಳುವವರುಂಟು. ಇಲ್ಲಿ ಕೊರತೆ ಬುಟ್ಟಿಯದಲ್ಲ, ಬೆಳೆಯದು. ಮನೆಯ ವೈಫೈ ಪೆಟ್ಟಿಗೆ ಹೊರಸೂಸುವುದೇ ಸಾಮಾನ್ಯವಾಗಿ ಒಂದು ವಾಟಿನ ಹತ್ತನೇ ಒಂದು ಭಾಗ. ಕೋಣೆಯ ಮೂಲೆಮೂಲೆಗೂ ಚೆದರಿದ ಆ ಶಕ್ತಿಯನ್ನು ಒಂದು ಕಣವೂ ಬಿಡದೆ ಮೊಬೈಲೇ ನುಂಗಿದರೂ ತುಂಬಲು ಆರು ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ಮನೆಯವರಿಗೆ ವೈಫೈಯೇ ಇರುವುದಿಲ್ಲ. ಅತ್ತ ಕಿಟಕಿಯಿಂದ ಬೀಳುವ ನಡುಹಗಲಿನ ಬಿಸಿಲು ಚದರ ಸೆಂಟಿಮೀಟರಿಗೆ 100 ಮಿಲಿವಾಟಿನಷ್ಟು ಶಕ್ತಿಯನ್ನು ತರುತ್ತದೆ. ಲಂಡನ್ ಬೀದಿಯ ಆ ಅಲೆಗಳಿಗಿಂತ ಇದು ಸುಮಾರು ಹನ್ನೆರಡು ಲಕ್ಷ ಪಟ್ಟು ಹೆಚ್ಚು. ಮೊಬೈಲ್ ತುಂಬುವ ಸುಗ್ಗಿ ಬೇಕಾದವರು ಸೂರ್ಯನನ್ನು ಆಶ್ರಯಿಸಲಿ. ಅದಕ್ಕೆ ರೇಡಿಯೋ ಅಲೆ ತಕ್ಕುದಲ್ಲ.

ಅಂಜಿಕೆಗೂ ಇದೇ ಲೆಕ್ಕ ಉತ್ತರ

ಮೇಲಿನ ಲೆಕ್ಕ ಆಸೆಯನ್ನು ಮುರಿಯುತ್ತದೆ. ಅದರೊಡನೆ ಅಂಜಿಕೆಯನ್ನೂ ಇಳಿಸುತ್ತದೆ. ಮಹಾನಗರಗಳ ಗೃಹ ಸಹಕಾರ ಸಂಘಗಳಲ್ಲಿ ಮಾಳಿಗೆಯ ಮೇಲಿನ ಗೋಪುರದ ಬಗ್ಗೆ ಜಗಳವಾಗದ ಸಭೆ ಅಪರೂಪ. ಬಾಡಿಗೆಯ ಆಸೆಗೆ ಕೆಲವರು, ರೋಗದ ಭಯಕ್ಕೆ ಕೆಲವರು. ಒಂದು ಬೀದಿಯ ಗಾಳಿಯಲ್ಲಿರುವ ಅಲೆ ಅಂಗೈಯಗಲದ ಆಂಟೆನಾದಲ್ಲಿ ಮೊಬೈಲ್ ತುಂಬಲು ಎರಡು ಶತಮಾನ ತೆಗೆದುಕೊಳ್ಳುವಷ್ಟು ಕ್ಷೀಣವಾಗಿದ್ದರೆ, ಅದು ಮನುಷ್ಯನ ಮೈಯನ್ನು ಬೇಯಿಸುವುದು ಎಲ್ಲಿಂದ ಬಂತು? ಭಾರತ ಸರ್ಕಾರವು 2012ರ ಸೆಪ್ಟೆಂಬರಿನಲ್ಲಿ ಗೋಪುರಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಲಂಡನ್ನಿನಲ್ಲಿ ಕಂಡ ಸರಾಸರಿ ಪ್ರಮಾಣವು ಆ ಕಠಿಣ ಮಿತಿಯ ಸುಮಾರು ಸಾವಿರದಲ್ಲೊಂದು ಪಾಲು.

ಎಚ್ಚರಿಕೆಯೇ ಬೇಡವೆಂದು ಇದರ ತಾತ್ಪರ್ಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ಈ ಅಲೆಗಳನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು’ ಎಂಬ ವರ್ಗಕ್ಕೆ ಸೇರಿಸಿತು. ಅನಂತರ ಅದೇ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದು 2024ರಲ್ಲಿ ಪ್ರಕಟವಾದ ವಿಸ್ತಾರವಾದ ಸಮೀಕ್ಷೆಯು ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲವೆಂದು ತಿಳಿಸಿತು. ಆಂಟೆನಾದ ಎದುರಿಗೇ, ಕೈಗೆಟಕುವ ಅಂತರದಲ್ಲಿ, ಬಟ್ಟೆ ಒಣಗಿಸುವುದು ಸಲ್ಲದು. ಆದರೆ ಗೋಪುರದ ಭಯದಿಂದ ನಿದ್ದೆಗೆಟ್ಟು, ‘ವಿಕಿರಣ ತಡೆಯುವ’ ಬಿಲ್ಲೆಗಳನ್ನು ಮೊಬೈಲಿಗೆ ಅಂಟಿಸಿಕೊಳ್ಳುವುದು ಹಣವನ್ನೂ ನೆಮ್ಮದಿಯನ್ನೂ ಒಟ್ಟಿಗೆ ಕಳೆದುಕೊಳ್ಳುವ ದಾರಿ.

ಹಾಸಿಗೆಗೆ ತಕ್ಕ ಕಾಲು

ಹಾಗಾದರೆ ಈ ಹಕ್ಕಲಿನಿಂದ ಪ್ರಯೋಜನವೇ ಇಲ್ಲವೆ? ಇದೆ, ಅದೂ ಸಾಮಾನ್ಯವಾದುದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಹಾಸಿಗೆಯನ್ನು ದೊಡ್ಡದು ಮಾಡಲಾಗದಿದ್ದಲ್ಲಿ ಕಾಲನ್ನು ಮಡಿಸುವ ಕಲೆಯನ್ನು ವಿಜ್ಞಾನಿಗಳು ಸಾಧಿಸುತ್ತಿದ್ದಾರೆ.

ಮೆಟ್ರೊ ದ್ವಾರದಲ್ಲಿ ತಾಗಿಸುವ ಕಾರ್ಡಿನಲ್ಲಿ ಬ್ಯಾಟರಿಯಿಲ್ಲ. 2021ರ ಫೆಬ್ರವರಿಯಿಂದ ಹೆದ್ದಾರಿ ಸುಂಕಕ್ಕೆ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿಯಲ್ಲಿಯೂ ಬ್ಯಾಟರಿಯಿಲ್ಲ. ಸುಂಕದ ಕಟ್ಟೆಯಿಂದ ಬರುವ ಅಲೆಯನ್ನೇ ಒಂದು ಗುಟುಕು ಕುಡಿದು, ಆ ಬಲದಲ್ಲಿ ಅದು ತನ್ನ ಹೆಸರು ಹೇಳಿ ಮತ್ತೆ ಮಲಗುತ್ತದೆ. ಮುಂಬಯಿಯಿಂದ ಬೆಂಗಳೂರಿಗೆ ಕಾರಿನಲ್ಲಿ ಹಬ್ಬಕ್ಕೆ ಹೋಗುವ ಕುಟುಂಬ ಗಾಳಿಯ ವಿದ್ಯುತ್ತನ್ನು ದಾರಿಯುದ್ದಕ್ಕೂ ಬಳಸಿಕೊಂಡೇ ಹೋಗುತ್ತದೆ, ಅರಿಯದೆ.

1945ರಲ್ಲಿ ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಮರದ ಲಾಂಛನವೊಂದು ಉಡುಗೊರೆಯಾಗಿ ಬಂದಿತು. ಅದರೊಳಗೆ ಲಿಯೋ ಥೆರೆಮಿನ್ ರಚಿಸಿದ ಕದ್ದಾಲಿಸುವ ಸಾಧನವಿತ್ತು. ಬ್ಯಾಟರಿಯೂ ಇಲ್ಲ, ತಂತಿಯೂ ಇಲ್ಲ. ಹೊರಗಿನಿಂದ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ. 1952ರವರೆಗೂ ಅದು ಸಿಕ್ಕಿಬೀಳಲಿಲ್ಲ. ತಾನು ಅಲೆಯನ್ನು ಹುಟ್ಟಿಸದೆ, ಬಂದ ಅಲೆಯನ್ನೇ ತಿದ್ದಿ ಹಿಂದಿರುಗಿಸುವ ಈ ಉಪಾಯವನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು ಸತ್ಕಾರ್ಯಕ್ಕೆ ತಿರುಗಿಸಿತು. ಚೆನ್ನೈನ ಐ.ಐ.ಟಿ.ಯಲ್ಲಿ ಓದಿದ ಶ್ಯಾಮ್ ಗೊಲ್ಲಕೋಟ ಆ ತಂಡದ ಮುಂದಾಳುಗಳಲ್ಲೊಬ್ಬರು. 2017ರಲ್ಲಿ ಅವರು ಬ್ಯಾಟರಿಯೇ ಇಲ್ಲದ ದೂರವಾಣಿಯೊಂದನ್ನು ತೋರಿಸಿದರು. ಅದರ ಖರ್ಚು 3.5 ಮೈಕ್ರೋವಾಟ್ ಮಾತ್ರ. ಅದಕ್ಕಾಗಿಯೇ ನಿಲ್ಲಿಸಿದ ಕೇಂದ್ರವೊಂದು ಕೆಲವು ಮೀಟರ್ ದೂರದಲ್ಲಿರಬೇಕು, ಧ್ವನಿಯೂ ಒರಟು. ಆದರೂ ಮಾತು ಮಾತೇ. ಶಕ್ತಿಯನ್ನು ಹೆಚ್ಚಿಸಿಕೊಳ್ಳುವುದರ ಬದಲು ಅಗತ್ಯವನ್ನು ತಗ್ಗಿಸಿಕೊಂಡದ್ದೇ ಇಲ್ಲಿನ ಪಾಠ.

ಎದೆಯೊಳಗಿನ ಬ್ಯಾಟರಿ

ಈ ವಿಷಯ ಆಟಿಕೆಯ ಕುತೂಹಲವಾಗಿ ಉಳಿಯದೆ ಪ್ರಾಣದ ಪ್ರಶ್ನೆಯಾಗುವುದು ವೈದ್ಯಕೀಯದಲ್ಲಿ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಜಗತ್ತಿನ ಮೊಟ್ಟಮೊದಲ ಪೇಸ್‌ಮೇಕರನ್ನು ಅಳವಡಿಸಲಾಯಿತು. ಶಸ್ತ್ರಚಿಕಿತ್ಸೆ ಮಾಡಿದವರು ಓಕೆ ಸೆನ್ನಿಂಗ್, ಯಂತ್ರ ರಚಿಸಿದವರು ರೂನೆ ಎಲ್ಮ್‌ಕ್ವಿಸ್ಟ್. ಗಮನಿಸಬೇಕಾದ ಸಂಗತಿಯೆಂದರೆ, ಆ ಮೊದಲ ಯಂತ್ರದ ಬ್ಯಾಟರಿಯನ್ನು ಚರ್ಮದ ಹೊರಗಿಟ್ಟ ಸುರುಳಿಯಿಂದ, ತಂತಿಯಿಲ್ಲದೆಯೇ, ತುಂಬುವ ಏರ್ಪಾಡು ಇತ್ತು. ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು, ಮತ್ತೊಂದನ್ನು ಇಟ್ಟರು. ಹೀಗೆ ಬದಲಿಸುತ್ತ ಲಾರ್ಸನ್ 26 ಪೇಸ್‌ಮೇಕರುಗಳನ್ನು ಕಂಡು, 2001ರಲ್ಲಿ ತನ್ನ 86ನೆಯ ವಯಸ್ಸಿನಲ್ಲಿ, ಹೃದಯಕ್ಕೆ ಸಂಬಂಧಿಸದ ಕಾಯಿಲೆಯಿಂದ ತೀರಿಕೊಂಡನು.

1970ರ ದಶಕದಲ್ಲಿ ಲಿಥಿಯಂ ಬ್ಯಾಟರಿ ಬಂದ ಮೇಲೆ ಪೇಸ್‌ಮೇಕರಿನ ಆಯುಷ್ಯ ಬೆಳೆಯಿತು. ಆದರೂ ಇಂದಿಗೂ ಬ್ಯಾಟರಿ ತೀರಿದಾಗ ರೋಗಿ ಮತ್ತೆ ಶಸ್ತ್ರಕ್ಕೆ ಮೈಯೊಡ್ಡಬೇಕು. 65ರ ವಯಸ್ಸಿನಲ್ಲಿ ಪೇಸ್‌ಮೇಕರ್ ಇಟ್ಟುಕೊಂಡ ತಾಯಿಗೆ 75ರ ಆಸುಪಾಸಿನಲ್ಲಿ ಮತ್ತೊಮ್ಮೆ ಆಸ್ಪತ್ರೆ, ಮತ್ತೊಮ್ಮೆ ಸೋಂಕಿನ ಭಯ, ಮತ್ತೊಮ್ಮೆ ವೆಚ್ಚ. ಊರಲ್ಲಿ ತಾಯಿ, ನಗರದಲ್ಲಿ ಮಗ ಎಂಬಂತಿರುವ ಹೊರನಾಡ ಕುಟುಂಬಗಳಿಗೆ ಇದರ ಭಾರ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪೇಸ್‌ಮೇಕರ್ ಬಯಸುವುದು ವಾಟಿನ ಲಕ್ಷದಲ್ಲೊಂದು ಪಾಲಿನ ಆಸುಪಾಸಿನ ಶಕ್ತಿಯನ್ನು. ಮೊಬೈಲಿಗೆ ಏನೇನೂ ಅಲ್ಲದ ಆ ಹಕ್ಕಲು ಹೃದಯಕ್ಕೆ ಒಂದು ಹೊತ್ತಿನ ಊಟ! ಬಿಸಿಲು ಮುಟ್ಟದ ದೇಹದ ಒಳಗೆ ಹೊರಗಿನಿಂದ ಕಳಿಸಿದ ಅಲೆಯಾಗಲಿ, ಕಾಂತಕ್ಷೇತ್ರವಾಗಲಿ ಅಮೂಲ್ಯ. ಹುಟ್ಟು ಕಿವುಡರಿಗೆ ಶ್ರವಣ ನೀಡುವ ಕಾಕ್ಲಿಯರ್ ಸಾಧನದಲ್ಲಿ ಇದು ಈಗಾಗಲೇ ಸಿದ್ಧಿಸಿದೆ: ಸಾಮಾನ್ಯವಾಗಿ ಒಳಗಿನ ಭಾಗದಲ್ಲಿ ಬ್ಯಾಟರಿಯೇ ಇರುವುದಿಲ್ಲ, ಕಿವಿಯ ಹಿಂದಿನ ಸುರುಳಿಯೇ ಚರ್ಮದ ಮೂಲಕ ಶಕ್ತಿಯನ್ನೂ ಶಬ್ದವನ್ನೂ ಒಟ್ಟಿಗೆ ಒಳಗೆ ಮುಟ್ಟಿಸುತ್ತದೆ.

ಇಲ್ಲಿಯೇ ಎಚ್ಚರಿಕೆಯ ಮಾತೊಂದು. ತಂತಿರಹಿತವಾಗಿ ತುಂಬಿಕೊಳ್ಳುವ ಕೆಲವು ಮೊಬೈಲುಗಳಲ್ಲಿ ಬಲವಾದ ಅಯಸ್ಕಾಂತಗಳಿರುತ್ತವೆ. ಇಂತಹ ಮೊಬೈಲುಗಳನ್ನೂ ಕೈಗಡಿಯಾರಗಳನ್ನೂ ಪೇಸ್‌ಮೇಕರಿನಿಂದ ಕನಿಷ್ಠ 15 ಸೆಂಟಿಮೀಟರ್ ದೂರದಲ್ಲಿಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2021ರಲ್ಲಿ ಸಲಹೆಯಿತ್ತಿತು. ಪೇಸ್‌ಮೇಕರ್ ಇದ್ದವರು ಮೊಬೈಲನ್ನು ಅಂಗಿಯ ಎದೆಯ ಜೇಬಿನಲ್ಲಿಡದಿರುವುದೇ ಲೇಸು.

ಗುಂಡಿಯಷ್ಟು ಬ್ಯಾಟರಿ, ಬೆಟ್ಟದಷ್ಟು ವಿಪತ್ತು

ಇನ್ನೊಂದು ಅಪಾಯ ಪ್ರತಿಯೊಂದು ಮನೆಯಲ್ಲಿಯೂ ಕುಳಿತಿದೆ. ತೂಕದ ಯಂತ್ರ, ದೂರನಿಯಂತ್ರಕ, ಹಾಡುವ ಶುಭಾಶಯ ಪತ್ರ, ಮಿನುಗುವ ಆಟಿಕೆ ಇವುಗಳಲ್ಲಿ ಗುಂಡಿಯಾಕಾರದ ಬ್ಯಾಟರಿಗಳಿರುತ್ತವೆ. ಮಗುವೊಂದು ಇದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ತೇವದ ಮೂಲಕ ವಿದ್ಯುತ್ತು ಹರಿದು ಅಲ್ಲಿ ಕ್ಷಾರ ಹುಟ್ಟಿ, ಎರಡೇ ಗಂಟೆಗಳಲ್ಲಿ ಗಂಭೀರವಾಗಿ ಸುಡಬಲ್ಲದು. ಬ್ಯಾಟರಿ ‘ಖಾಲಿ’ಯಾಗಿದ್ದರೂ ಈ ಅಪಾಯ ತಪ್ಪದು. ಅನುಮಾನ ಬಂದ ಕ್ಷಣವೇ, ವಾಂತಿ ಮಾಡಿಸಲು ಹೋಗದೆ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಮಗುವನ್ನು ಒಯ್ಯಬೇಕು. ಇಂತಹ ಬ್ಯಾಟರಿಯ ಗೂಡನ್ನು ಮಕ್ಕಳು ತೆರೆಯಲಾಗದಂತೆ ಮಾಡಬೇಕೆಂದು ಅಮೆರಿಕದಲ್ಲಿ 2022ರಲ್ಲಿ ಕಾನೂನೇ ಆಯಿತು. ಭಾರತದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಆದರೆ ಮಗುವಿನ ಕೈಗೆ ಸಿಗುವುದೆಲ್ಲವೂ ಆಟಿಕೆಯಲ್ಲ.

ಗುಂಡಿ ಬ್ಯಾಟರಿ ಬೇಡುವ ಪುಟ್ಟ ಸಾಧನಗಳಲ್ಲಿ ಅನೇಕವು ಮೈಕ್ರೋವಾಟುಗಳಲ್ಲಿ ಬದುಕಬಲ್ಲವು. ಅವು ಕೋಣೆಯ ಬೆಳಕಿನಿಂದಲೋ, ಒತ್ತಿದ ಬೆರಳಿನ ಬಲದಿಂದಲೋ, ಸಮೀಪದ ಅಲೆಯಿಂದಲೋ ನಡೆಯುವಂತಾದರೆ ಅಷ್ಟು ಬ್ಯಾಟರಿಗಳು ಮನೆಯಿಂದ ಹೊರಗುಳಿಯುತ್ತವೆ. ಅಷ್ಟು ವಿಷ ಕಸದ ರಾಶಿಯಿಂದ ಹೊರಗುಳಿಯುತ್ತದೆ. ಬ್ಯಾಟರಿ ತ್ಯಾಜ್ಯದ ಬಗ್ಗೆ 2022ರಲ್ಲಿ ಭಾರತ ಸರ್ಕಾರ ಹೊಸ ನಿಯಮಗಳನ್ನು ತಂದಿದೆ. ಆದರೆ ಹುಟ್ಟದ ತ್ಯಾಜ್ಯಕ್ಕಿಂತ ಉತ್ತಮವಾದ ತ್ಯಾಜ್ಯ ನಿರ್ವಹಣೆ ಮತ್ತೊಂದಿಲ್ಲ.

ಆಗಬೇಕಾದುದೇನು?

ಮೊದಲನೆಯದಾಗಿ, ‘ಗಾಳಿಯಿಂದ ವಿದ್ಯುತ್ತು’ ಎಂದು ಮಾರುವವರಿಗೆ ಗ್ರಾಹಕನು ಮೂರು ಪ್ರಶ್ನೆ ಕೇಳಬೇಕು: ಎಷ್ಟು ವಾಟು? ಎಷ್ಟು ದೂರ? ಎಷ್ಟು ಹೊತ್ತು? ಈ ಮೂರು ಅಂಕಿಗಳನ್ನು ಪೆಟ್ಟಿಗೆಯ ಮೇಲೆ ಅಚ್ಚು ಮಾಡದ ಸರಕನ್ನು ಕೊಳ್ಳದಿರುವುದು ಜಾಣತನ. ಅಚ್ಚು ಮಾಡಿಸುವುದು ಸರ್ಕಾರದ ಕರ್ತವ್ಯ. ಎರಡನೆಯದಾಗಿ, ಅನುಕೂಲಕ್ಕೂ ಒಂದು ಬೆಲೆಯಿದೆಯೆಂಬುದನ್ನು ಮರೆಯಬಾರದು. ಬಿಲ್ಲೆಯ ಮೇಲಿಟ್ಟು ಮೊಬೈಲ್ ತುಂಬುವಾಗ ತಂತಿಗಿಂತ ಹೆಚ್ಚು ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಒಂದು ಮನೆಯಲ್ಲಿ ಅದು ನಗಣ್ಯ. ಕೋಟ್ಯಂತರ ಮನೆಗಳಲ್ಲಿ ಅಲ್ಲ. ತಂತಿಯಿದ್ದಲ್ಲಿ ತಂತಿಯೇ ಸರಿ. ತಂತಿ ಹೋಗಲಾರದ ಕಡೆ ಅಲೆ ಹೋಗಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೆಂಗಳೂರಿನಲ್ಲಿಯೂ ಹೊರನಾಡ ನಗರಗಳಲ್ಲಿಯೂ ಕನ್ನಡದ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಇಲೆಕ್ಟ್ರಾನಿಕ್ಸ್ ಓದುತ್ತಿದ್ದಾರೆ. ಅವರ ಬುದ್ಧಿಯೆಲ್ಲ ಹೆಚ್ಚು ವೇಗದ, ಹೆಚ್ಚು ಹಸಿವಿನ ಯಂತ್ರಗಳ ಕಡೆಗೇ ಹರಿಯಬೇಕೆ? ಕಡಮೆ ತಿಂದು ಹೆಚ್ಚು ದುಡಿಯುವ ಯಂತ್ರವನ್ನು ರಚಿಸುವುದು ಅದಕ್ಕಿಂತ ಕಷ್ಟದ, ಅದಕ್ಕಿಂತ ಮೇಲಾದ ವಿದ್ಯೆ. ಸಾರ್ವಜನಿಕ ಸಂಶೋಧನೆಯ ಹಣದಲ್ಲಿ ಒಂದು ಪಾಲು ಇಂತಹ ಮೈಕ್ರೋವಾಟ್ ವಿದ್ಯೆಗೆ, ಅದರಲ್ಲಿಯೂ ದೇಹದೊಳಗಿನ ವೈದ್ಯಕೀಯ ಸಾಧನಗಳಿಗೆ, ಮೀಸಲಾಗಬೇಕು. ಸಂಘ ಸಂಸ್ಥೆಗಳೂ ತಮ್ಮ ಅಳತೆಯಲ್ಲಿ ಸೇವೆ ಸಲ್ಲಿಸಬಹುದು. ಸಂಘದ ಕಚೇರಿಯಲ್ಲಿ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಬೀಗವುಳ್ಳ ಪೆಟ್ಟಿಗೆಯೊಂದನ್ನಿಡುವುದಕ್ಕೆ, ತಾಯಂದಿರ ಕೂಟದಲ್ಲಿ ಗುಂಡಿ ಬ್ಯಾಟರಿಯ ಅಪಾಯವನ್ನು ಅರ್ಧ ಗಂಟೆ ವಿವರಿಸುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

ಬಿಸಿಲಿದ್ದ ಕಡೆ ಬಿಸಿಲು, ತಂತಿಯಿದ್ದ ಕಡೆ ತಂತಿ, ಇವೆರಡೂ ಇಲ್ಲದ ಕಡೆ ಹಕ್ಕಲು. ಹಕ್ಕಲಾಯುವವಳು ಹೊಲದೊಡೆಯನಾಗುವ ಕನಸು ಕಾಣುವುದಿಲ್ಲ. ತನ್ನ ಮಡಿಲ ಅಳತೆ ಅವಳಿಗೆ ಗೊತ್ತು. ಅದನ್ನು ಮನೆಗೆ ಒಯ್ದು ಹಸಿದವರ ಬಾಯಿಗಿಡುವುದೂ ಗೊತ್ತು. ಮೊಬೈಲ್ ತುಂಬದ ಆ ಕಾಳು ಒಂದು ಹೃದಯವನ್ನು ಮಿಡಿಸಬಹುದಾದರೆ, ಒಂದು ಮಗುವಿನ ಕಿವಿಗೆ ತಾಯಿಯ ದನಿಯನ್ನು ಮುಟ್ಟಿಸಬಹುದಾದರೆ, ಅದನ್ನು ಹುಸಿ ಸುಗ್ಗಿಯ ಜಾಹೀರಾತಿಗೆ ಬಲಿಕೊಡುವುದು ತರವಲ್ಲ.